ಹಿಡಿದ ಮೀನಿನ ಫೋಟೊ ಚೆನ್ನಾಗಿ ಬರುತ್ತಿಲ್ಲ, ಏನು ಮಾಡಬೇಕು?

ಭಾನುವಾರದ ಗಾಳ:
ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯ ಕಡೆ, ಹಣ ಕೊಟ್ಟು ಗಾಳ ಹಾಕುವ ಖಾಸಗಿ ಹೊಂಡವೊಂದಕ್ಕೆ ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ. ಕಳೆದ ವಾರ ನಡುಮಧ್ಯಾಹ್ನ ನಾಲ್ಕು ಕಿಲೋ ತೂಗುವ ಕಾಟ್ಲಾ ಸಿಕ್ಕಿತು. ಭಾವಮೈದುನ ಮೊಬೈಲಿನಲ್ಲಿ ತೆಗೆದ ಎಂಟು ಫೋಟೊಗಳಲ್ಲಿಯೂ ಮೀನಿನ ಮೈ ಬೆಳಗಿಟ್ಟ ಸ್ಟೀಲ್ ತಟ್ಟೆಯಂತೆ ಬೆಳ್ಳಗಾಗಿದೆ, ಟೋಪಿಯ ಕೆಳಗೆ ನನ್ನ ಮುಖ ಕಾಣುವುದೇ ಇಲ್ಲ. ಮೀನನ್ನು ಮರಳಿ ನೀರಿಗೆ ಬಿಟ್ಟದ್ದರಿಂದ ಇನ್ನೊಮ್ಮೆ ತೆಗೆಯುವಂತೆಯೂ ಇರಲಿಲ್ಲ. ಹೊಸ ಕ್ಯಾಮೆರಾ ಕೊಳ್ಳಬೇಕೇ?

ಕೆಂಗೇರಿಯ ಕ್ಯಾಮೆರಾ:
ಕೊಳ್ಳಬೇಡಿ, ತಪ್ಪು ಮೊಬೈಲಿನದಲ್ಲ. ಮೀನಿನ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳುವಾದ ಹರಳುಗಳಿದ್ದು, ಅವು ಪುಟ್ಟ ಕನ್ನಡಿಗಳಂತೆ ಬಿಸಿಲನ್ನು ನೇರವಾಗಿ ಹಿಂದಕ್ಕೆ ಎಸೆಯುತ್ತವೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ 18ರ ಆಸುಪಾಸಿನಲ್ಲಿಯೂ ಸೂರ್ಯ ನಡುನೆತ್ತಿಗೆ ಬಂದು ಕಂಬದ ನೆರಳೇ ಮಾಯವಾಗುವುದನ್ನು ತಾವು ನೋಡಿರಬಹುದು. ಅಂಥ ಹೊತ್ತಿನಲ್ಲಿ ಮೀನಿನ ಬೆನ್ನು ಸುಟ್ಟಂತೆ ಬೆಳಗುತ್ತದೆ, ಹೊಟ್ಟೆ ಕತ್ತಲಾಗುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ಆಗುವುದಿಲ್ಲವೆಂದರೆ ಮರದ ನೆರಳಿಗೆ ಸರಿಯಿರಿ. ಪರದೆಯ ಮೇಲೆ ಮೀನಿನ ಮೈಯನ್ನೇ ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದರೆ ಹುರುಪೆಗಳ ಅಂಚು ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಟೋಪಿಯನ್ನು ಹಿಂದಕ್ಕೆ ತಿರುಗಿಸಿದರೆ ಮುಖದ ಸಮಸ್ಯೆಯೂ ತೀರಿತು.

ಹಳೆಯ ಗಾಳಗಾರ:
ಬೆಳಕಿನ ಮಾತು ಸರಿ, ಆದರೆ ಎಂಟು ಫೋಟೊ ಎಂದು ಓದಿ ನನಗೆ ಕಳವಳವಾಯಿತು. ಅಷ್ಟು ಹೊತ್ತು ಮೀನು ಉಸಿರಾಡಿದ್ದು ಎಲ್ಲಿ? ಕೈಬಲೆಯೊಳಗೆ ಅದು ನೀರಿನಲ್ಲಿಯೇ ಇರಲಿ; ತೆಗೆಯುವವರು ಎಲ್ಲಿ ನಿಲ್ಲಬೇಕು, ಹಿನ್ನೆಲೆಯಲ್ಲಿ ಪ್ಲಾಸ್ಟಿಕ್ ಬಕೆಟ್ ಬರುತ್ತದೆಯೇ ಎಂಬುದನ್ನೆಲ್ಲ ಮೊದಲೇ ನೋಡಿಕೊಂಡು, ಅವರು ‘ಆಯಿತು’ ಎಂದ ಮೇಲೆಯೇ ಎತ್ತಬೇಕು. ಒಣಗಿದ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುವುದರಿಂದ ಕೈಗಳನ್ನು ಚೆನ್ನಾಗಿ ಒದ್ದೆ ಮಾಡಿಕೊಂಡು, ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಎದೆಯ ರೆಕ್ಕೆಗಳ ಕೆಳಗೆ ಇರುವಂತೆ ಮೀನನ್ನು ಅಡ್ಡವಾಗಿ ಹಿಡಿಯಿರಿ. ಕಿವಿರಿನೊಳಗೆ ಬೆರಳು ತೂರಿಸಿ ನೇತುಹಾಕಬೇಡಿ. ನಾನು ಎತ್ತಿದ ಕೂಡಲೇ ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ; ಅಷ್ಟರಲ್ಲಿ ಬಂದದ್ದು ಬಂತು. ಗುಂಡಿಯನ್ನು ಒತ್ತಿಹಿಡಿದು ಸಾಲಾಗಿ ತೆಗೆದರೆ ಒಂದಾದರೂ ಸರಿಯಾಗಿರುತ್ತದೆ.

ಇನ್ನೊಂದು: ತೋಳನ್ನು ಕ್ಯಾಮೆರಾದತ್ತ ಚಾಚಿ ಮೀನನ್ನು ದೊಡ್ಡದು ಮಾಡುವ ಉಪಾಯಕ್ಕೆ ಹೋಗಬೇಡಿ. ಹೆಬ್ಬೆರಳು ಬಾಳೆಹಣ್ಣಿನಷ್ಟು ದಪ್ಪ ಕಂಡಾಗ ಗುಟ್ಟು ತಾನಾಗಿಯೇ ಬಯಲಾಗುತ್ತದೆ.

ಕೆಂಗೇರಿಯ ಕ್ಯಾಮೆರಾ:
ಅದಕ್ಕೆ ಮೊಬೈಲಿನ ಅಗಲ ನೋಟದ ಲೆನ್ಸೇ ಕಾರಣ. ಎರಡು ಹೆಜ್ಜೆ ಹಿಂದೆ ಸರಿದು, 2x ಇಟ್ಟು, ಮೊಣಕಾಲೂರಿ ಮೀನಿನ ಕಣ್ಣಿನ ಮಟ್ಟದಿಂದ ತೆಗೆದರೆ ಅಳತೆ ಸರಿಯಾಗಿ ಬರುತ್ತದೆ.

ಭಾನುವಾರದ ಗಾಳ:
ಈ ಭಾನುವಾರ ಬೆಳಿಗ್ಗೆ ಏಳಕ್ಕೇ ಹೋಗಿದ್ದೆವು. ಸಿಕ್ಕಿದ್ದು ಅಂಗೈಯಗಲದ ಜಿಲೇಬಿ ಮೀನು ಅಷ್ಟೇ, ಆದರೆ ಅದರ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸಬಹುದು. ಮೂರೇ ಫೋಟೊ ತೆಗೆದೆವು. ಮೂರರಲ್ಲಿಯೂ ನಾನು ಕಣ್ಣು ಮುಚ್ಚಿದ್ದೇನೆ.