ಸಹಾಯ ಬೇಕು: ಉಪ್ಪುನೀರಿನ ಮೀನಿನ ಟ್ಯಾಂಕಿನಲ್ಲಿ ಕಲ್ಲಿನ ಕಂಬ ನಿಲ್ಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 4 ಅಡಿ ಉದ್ದ, 2 ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಹೊಂದಿಸುತ್ತಿದ್ದೇನೆ. ಇನ್ನೂ ನೀರು ತುಂಬಿಲ್ಲ. ಹಿಂದಿನ ಗಾಜಿಗೆ ಕಲ್ಲು ಒರಗಿಸಿ ಗೋಡೆ ಕಟ್ಟುವುದು ನನಗೆ ಇಷ್ಟವಿಲ್ಲ. ಅದರ ಹಿಂದೆ ನೀರು ಸರಿಯಾಗಿ ಓಡಾಡುವುದಿಲ್ಲ, ಕಸ ಕೂರುತ್ತದೆ. ಅದಕ್ಕೇ ಡ್ರೈ ರಾಕ್‌ನಲ್ಲಿ (ಜೀವಿಗಳಿಲ್ಲದ ಒಣ ಕಲ್ಲಿನಲ್ಲಿ) ಎರಡು ಕಂಬ ಮಾಡುವ ಯೋಚನೆ. (ಬರೀ ಮೀನು ಇಡುತ್ತೇನೆ, ಹವಳ ಇಡುವುದಿಲ್ಲ. ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿದೆ, ಆ ತಲೆನೋವೇ ಬೇಡ.)

ತೊಂದರೆ ಇರುವುದು ಜೋಡಣೆಯಲ್ಲಿ. ಕಲ್ಲಿಗೆ ತೂತು ಕೊರೆದು ಒಳಗೆ ರಾಡ್ ಇಳಿಸಬೇಕು. ಸ್ಟೀಲ್ ಕೂಡ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಅಕ್ರಿಲಿಕ್ ಸಾಕಾ, ಫೈಬರ್‌ಗ್ಲಾಸೇ ಬೇಕಾ? ಎತ್ತರದ ಕಂಬ ಸುಮಾರು 16 ಇಂಚು ಬರುತ್ತದೆ, ಅದರ ತಲೆ ಮೇಲೆ ಅಗಲವಾದ ಕಲ್ಲು ಬೇರೆ. ಡ್ರಿಲ್ ನಿಧಾನಕ್ಕೆ ತಿರುಗಿಸಿದರೂ ತೂತಿನ ಅಂಚು ಪುಡಿಪುಡಿಯಾಗಿ ಉದುರುತ್ತಿದೆ. ಅಂಟಿಸಲು ಎಪಾಕ್ಸಿ ಪುಟ್ಟಿ ಒಂದೇ ಸಾಕಾ, ಜೊತೆಗೆ ಸೂಪರ್ ಗ್ಲೂ ಜೆಲ್ ಹಚ್ಚಬೇಕಾ? ಸಿಮೆಂಟ್ ಆದರೆ ವಾರಗಟ್ಟಲೆ ನೆನೆಸಿಡಬೇಕು, ಇಲ್ಲದಿದ್ದರೆ ಪಿಎಚ್ ಏರುತ್ತದೆ ಅಲ್ವಾ.

ಬುಡದ ಕಲ್ಲನ್ನು ಮರಳಿನ ಮೇಲೆ ಇಡುವುದಿಲ್ಲ. ಗೋಬಿ ಮೀನು ಸುಮ್ನೆ ಇರುವ ಜಾತಿಯಲ್ಲ, ಅಡಿಯಲ್ಲಿ ತೋಡಿದರೆ ಕಂಬ ಗಾಜಿಗೇ ಬೀಳುತ್ತದೆ. ಗಾಜಿನ ಮೇಲೆ ಇಟ್ಟು ಆಮೇಲೆ ಮರಳು ಹಾಕುತ್ತೇನೆ. ಮಧ್ಯೆ ಪ್ಲಾಸ್ಟಿಕ್ ಹಾಳೆ ಬೇಕಾ?

ಮಾಡಿ ನೋಡಿದವರು ಫೋಟೋ ಹಾಕಿ. ಬೆಂಗಳೂರಿನಲ್ಲಿ ಫೈಬರ್‌ಗ್ಲಾಸ್ ರಾಡ್ ಬಿಡಿಯಾಗಿ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ.