ಪದಚರ್ಚೆ: ತುಟಿಯ ಸ್ಪರ್ಶ ಹೋಗುವುದಕ್ಕೆ ‘ಜೋಮು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹಲ್ಲಿನ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಟೈಟಾನಿಯಂ ತಿರುಪು) ಹಾಕಿಸಿಕೊಳ್ಳುವವರು ಸಹಿ ಮಾಡುವ ಒಪ್ಪಿಗೆ ಪತ್ರದ ಕನ್ನಡವನ್ನು ತಿದ್ದುತ್ತಿದ್ದೇನೆ. ಒಂದು ಪದ ಬಗೆಹರಿಯುತ್ತಿಲ್ಲ.

ಕೆಳದವಡೆಯ ಮೂಳೆಯೊಳಗೆ ಒಂದು ನರ ಹಾದುಹೋಗುತ್ತದೆ. ಕೆಳತುಟಿಗೂ ಗದ್ದಕ್ಕೂ ಮುಟ್ಟಿದ್ದು ತಿಳಿಯುವುದು ಅದರಿಂದಲೇ. ಟೈಟಾನಿಯಂ ತಿರುಪಿನ ತುದಿಗೂ ಈ ನರಕ್ಕೂ ಸಾಮಾನ್ಯವಾಗಿ ಕನಿಷ್ಠ 2 ಮಿ.ಮೀ. ಅಂತರ ಬಿಡುತ್ತಾರೆ, ಮೊದಲೇ ಸ್ಕ್ಯಾನ್ ಮಾಡಿಸಿ ಮೂಳೆಯ ಎತ್ತರ ಅಳೆಯುವುದು ಅದಕ್ಕೇ. ಅಷ್ಟಾಗಿಯೂ ಡ್ರಿಲ್ ತಾಗಿದರೆ, ಅಥವಾ ಒಳಗೆ ರಕ್ತ ಕಟ್ಟಿ ನರವನ್ನು ಒತ್ತಿದರೆ, ಆ ಬದಿಯ ತುಟಿಯ ಸ್ಪರ್ಶ ಹೋಗಬಹುದು. ಹೆಚ್ಚಿನವರಿಗೆ ಕ್ರಮೇಣ ಮರಳುತ್ತದೆ, ಕೆಲವರಿಗೆ ಮರಳುವುದೇ ಇಲ್ಲ.

ಕರಡಿನಲ್ಲಿ ‘ತುಟಿಗೆ ಜೋಮು ಹಿಡಿಯಬಹುದು’ ಎಂದಿದೆ. ನಾನು ಬಲ್ಲ ಜೋಮು ಕಾಲು ಮಡಚಿ ಕೂತು ಎದ್ದಾಗ ಹಿಡಿಯುವಂಥದ್ದು. ನಾಲ್ಕು ಹೆಜ್ಜೆ ಹಾಕಿದರೆ ಬಿಡುತ್ತದೆ. ಅದನ್ನೇ ನೆನೆದು ಓದಿದವರು ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ, ಇದು ಅನ್ಯಾಯ. ‘ಮರಗಟ್ಟು’ ಇನ್ನೂ ಹತ್ತಿರದ್ದು. ಆದರೆ ಅರಿವಳಿಕೆ ಚುಚ್ಚಿದಾಗಲೂ ಬಾಯಿ ಮರಗಟ್ಟಿತು ಎನ್ನುತ್ತೇವೆ, ಅದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಕೆಳತುಟಿ, ಗದ್ದಗಳಲ್ಲಿ ಮುಟ್ಟಿದ್ದು ತಿಳಿಯದಂತೆ ಆಗಬಹುದು, ಚುಮುಚುಮು ಅಥವಾ ಉರಿ ಇರಬಹುದು, ಅಪರೂಪಕ್ಕೆ ಇದು ಕೊನೆಯವರೆಗೂ ಉಳಿಯಬಹುದು.’ ಉದ್ದವಾಯಿತು, ಹೌದು. ಆದರೂ ಏನನ್ನೂ ಮುಚ್ಚಿಡುವುದಿಲ್ಲ. ನಿಮ್ಮ ಕಡೆ ವಾಸಿಯಾಗದ ಸ್ಥಿತಿಗೂ ‘ಜೋಮು’ ಎನ್ನುವ ರೂಢಿ ಇದೆಯೇ?

‘ದಂತ ಕಸಿ’ಯನ್ನು ಕೈಬಿಟ್ಟು ‘ಇಂಪ್ಲಾಂಟ್’ ಎಂದೇ ಉಳಿಸಿಕೊಂಡಿದ್ದೇನೆ. ಮೇಲ್ದವಡೆಯಲ್ಲಿ ಸೈನಸ್ಸಿನ (ಕೆನ್ನೆಯ ಮೂಳೆಯೊಳಗಿನ ಗಾಳಿಯ ಪೊಳ್ಳಿನ) ಕೆಳಗೆ ಮೂಳೆ ಸಾಲದಿದ್ದರೆ ಮೂಳೆಯನ್ನೇ ಕಸಿ ಮಾಡಬೇಕಾಗುತ್ತದೆ. ಎರಡು ಕಸಿಗಳು ಒಂದೇ ಹಾಳೆಯಲ್ಲಿ ಬಂದರೆ ರೋಗಿಗೆ ಯಾವುದು ಯಾವುದೆಂದು ತಿಳಿಯದು. ‘ಅಡ್ಡಪರಿಣಾಮ’ವನ್ನೂ ಔಷಧಿಗೆ ಬಿಟ್ಟು, ಶಸ್ತ್ರಚಿಕಿತ್ಸೆಗೆ ‘ತೊಡಕು’ ಎಂದಿದ್ದೇನೆ.

ಕೊನೆಯದಾಗಿ, ಲೋಹಕ್ಕೆ ಮೂಳೆ ಬೆಸೆದುಕೊಳ್ಳುವ ಕ್ರಿಯೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಇದನ್ನು ಗುರುತಿಸಿ, 1965ರಲ್ಲಿ ಮೊದಲ ರೋಗಿಗೆ ಇಂಥ ಇಂಪ್ಲಾಂಟ್ ಕೂರಿಸಿದರು. ‘ಅಸ್ಥಿಸಂಯೋಜನೆ’ಗಿಂತ ‘ಮೂಳೆ ಕಚ್ಚಿಕೊಳ್ಳುವುದು’ ನನಗೆ ಹಿಡಿಸುತ್ತದೆ, ಏಕೆಂದರೆ ‘ಕೊರೆಯುವಾಗ ಮೂಳೆ ಅತಿಯಾಗಿ ಕಾದರೆ ಕಚ್ಚಿಕೊಳ್ಳದೆ ಹೋಗಬಹುದು, ಅದಕ್ಕೇ ಸಲೈನ್ ಬಿಡುತ್ತಾ ಕೊರೆಯುತ್ತಾರೆ’ ಎಂದು ಸಲೀಸಾಗಿ ಬರೆಯಬಹುದು. ಒಪ್ಪಿಗೆ ಪತ್ರಕ್ಕೆ ಈ ಆಡುಮಾತು ನಡೆಯುತ್ತದೆಯೇ, ‘ಬೆಸೆದುಕೊಳ್ಳುವುದು’ ಮೇಲೋ?