ಎಸ್‌ಡಿಎಂಸಿ ಅಧ್ಯಕ್ಷೆ ಆಗಿ ಅಂತಿದಾರೆ, ಒಪ್ಪಿಕೊಳ್ಳಲಾ?

ಕೇಳಿದವರು: ಕೊಬ್ಬರಿ ಸೀಮೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರಿಗೂ ಅರಸೀಕೆರೆಗೂ ನಡುವೆ ಬರುವ ಹಳ್ಳಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳರವರೆಗೆ. ಐದನೇ ಕ್ಲಾಸಿನ ತನಕ 40 ಮಕ್ಕಳು, ಆರು ಏಳು ಸೇರಿ 24. ನನ್ನ ಮಗಳು ಆರನೇ ಕ್ಲಾಸು, ಮಗ ಮೂರನೇ ಕ್ಲಾಸು.

ಹೋದ ವಾರ ಪೋಷಕರ ಸಭೆ ಕರೆದು ಎಸ್‌ಡಿಎಂಸಿಗೆ, ಅಂದ್ರೆ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿಗೆ, ಹೊಸ ಸದಸ್ಯರನ್ನ ಆರಿಸಿದ್ರು. ನನ್ನ ಹೆಸರನ್ನೂ ಸೇರಿಸಿದ್ರು. ಈಗ ಅಧ್ಯಕ್ಷರು ಯಾರು ಅನ್ನೋದು ಉಳಿದಿದೆ. ಮೊನ್ನೆ ಹಳೇ ಸಮಿತಿಯವರೊಬ್ಬರು ಮನೆಗೇ ಬಂದು, "ನೀನೇ ಆಗಮ್ಮ. ಓಡಾಟ ಎಲ್ಲ ನಾವು ನೋಡ್ಕೋತೀವಿ. ಕರೆದಾಗ ಬಂದು ಸೈನ್ ಹಾಕಿದ್ರೆ ಸಾಕು" ಅಂದ್ರು. ಅವರು ಹೋದ ಮೇಲೆ ಆ ಮಾತೇ ತಲೇಲಿ ಕೂತಿದೆ. ಸೈನ್ ಹಾಕೋದಕ್ಕೇ ಆದ್ರೆ ನಾನ್ಯಾಕೆ?

ನಾನು ಪಿಯುಸಿವರೆಗೆ ಓದಿದೀನಿ. ಲೆಕ್ಕ ಬರುತ್ತೆ. ಆದ್ರೆ ಪಂಚಾಯ್ತಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಅಂತ ಯಾವತ್ತೂ ಓಡಾಡಿಲ್ಲ. ನಮ್ಮ ಅತ್ತೆ "ಊರ ಉಸಾಬರಿ ನಿಂಗ್ಯಾಕೆ" ಅಂತಿದಾರೆ. ಮನೆಯವರು "ನಿನ್ನಿಷ್ಟ" ಅಂದು ಸುಮ್ಮನಾದ್ರು. ಅಧ್ಯಕ್ಷೆಗೆ ನಿಜವಾಗಿ ಏನು ಕೆಲಸ, ಏನು ಅಧಿಕಾರ? ಸೈನ್ ಹಾಕಿ ಆಮೇಲೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನನ್ನ ಮೇಲೆ ಬರುತ್ತಾ? ಈ ಕೆಲಸ ಮಾಡಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉತ್ತರ: ಹೊಲಿಗೆ ಮನೆ

ತಂಗಿ, ಒಪ್ಪಿಕೋ. "ನಾನ್ಯಾಕೆ" ಅಂತ ಕೇಳ್ಕೊಂಡಿದೀಯಲ್ಲ, ಅದಕ್ಕೇ ಹೇಳ್ತಿರೋದು.

ನಾನು ಕಡೂರು ಕಡೆಯವಳು. ಮನೇಲೇ ಬ್ಲೌಸು, ಯೂನಿಫಾರಂ ಹೊಲಿಯೋದು ಕೆಲಸ. ಮಗ ಏಳನೇ ಕ್ಲಾಸು ಮುಗಿಸೋ ತನಕ ನಮ್ಮೂರ ಶಾಲೆ ಎಸ್‌ಡಿಎಂಸಿ ಅಧ್ಯಕ್ಷೆ ಆಗಿದ್ದೆ. ನನಗೂ ಇದೇ ಮಾತು ಹೇಳಿದ್ರು, ಬರೀ ಸೈನು ಅಂತ. ಕಾನೂನು ಹಾಗೆ ಹೇಳಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಓದು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಶಾಲೆ ಹೇಗೆ ನಡೀತಿದೆ ಅಂತ ನೋಡೋದು, ಅಭಿವೃದ್ಧಿ ಯೋಜನೆ ಮಾಡೋದು, ಬಂದ ಅನುದಾನ ಹೇಗೆ ಖರ್ಚಾಯ್ತು ಅಂತ ಪರಿಶೀಲಿಸೋದು, ಇಷ್ಟೂ ಸಮಿತಿ ಕೆಲಸ ಅಂತ ಅದರಲ್ಲೇ ಬರೆದಿದೆ. ನಮ್ಮ ಕನ್ನಡದ ಹೆಸರೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಆಗಸ್ಟ್ 15ಕ್ಕೆ ಬಾವುಟದ ಪಕ್ಕ ನಿಂತು ಮಿಠಾಯಿ ಹಂಚೋದಷ್ಟೇ ಅಲ್ಲ.

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ನಿನ್ನ ಸಹಿ ಬೀಳೋದು ಅಲ್ಲೇ. ಖಾತೆ ಹೆಡ್ ಮೇಷ್ಟ್ರು ಮತ್ತೆ ಅಧ್ಯಕ್ಷರ ಜಂಟಿ ಹೆಸರಲ್ಲಿ ಇರುತ್ತೆ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಲ್ಲಿ ಮಕ್ಕಳ ಸಂಖ್ಯೆ ನೋಡಿ ಶಾಲಾ ಅನುದಾನ ಕೊಡ್ತಾರೆ. 31ರಿಂದ 100 ಮಕ್ಕಳಿರೋ ಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ. ನಿಮ್ಮದು 64 ಮಕ್ಕಳು, ಆ ಲೆಕ್ಕದಲ್ಲೇ ಬರುತ್ತೆ. ಅದರಲ್ಲಿ ಕಡಿಮೆ ಅಂದ್ರೂ ನೂರಕ್ಕೆ ಹತ್ತು ಸ್ವಚ್ಛತೆಗೆ ಅಂತ ತೆಗೆದಿಡಬೇಕು. ಅಂದ್ರೆ 25,000ದಲ್ಲಿ 2,500 ರೂಪಾಯಿ ಫಿನಾಯಿಲು, ಸೋಪು, ಟಾಯ್ಲೆಟ್ ನಲ್ಲಿ ರಿಪೇರಿ ಇಂಥದ್ದಕ್ಕೆ. ನಮ್ಮ ಶಾಲೇಲಿ ಹೆಣ್ಣುಮಕ್ಕಳ ಟಾಯ್ಲೆಟ್‌ಗೆ ಬೀಗ ಹಾಕಿ ಇಡ್ತಿದ್ರು. ನೀರಿಲ್ಲ ಅನ್ನೋದು ಕಾರಣ. ಓವರ್‌ಹೆಡ್ ಟ್ಯಾಂಕಿಂದ ಪೈಪ್ ಎಳೆಸೋಕೆ ಆದ ಖರ್ಚು ಆ ಸ್ವಚ್ಛತೆ ದುಡ್ಡಲ್ಲೇ ಮುಗೀತು. ಆರು, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ತಿಂಗಳಲ್ಲಿ ನಾಲ್ಕು ದಿನ ಶಾಲೆ ತಪ್ಪಿಸ್ತಿದ್ದದ್ದು ಯಾಕೆ ಅಂತ ಸಭೇಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೆಂಗಸರು ಸಮಿತಿಯಲ್ಲಿ ಅರ್ಧ ಇರಬೇಕು ಅಂತ ಬರೆದಿರೋದು ಯಾಕೆ ಅಂತ ನನಗೆ ಅವತ್ತು ಅರ್ಥ ಆಯ್ತು.

ಸಹಿಗೆ ಒಂದೇ ನಿಯಮ ಇಟ್ಕೋ. ಸಭೆ ನಡೆದು, ಏನು ತರಿಸಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆದು, ಬಿಲ್ಲು ಎದುರಿಗೆ ಇಟ್ಟ ಮೇಲೇ ಸಹಿ. ಖಾಲಿ ಚೆಕ್ಕಿಗೆ ಬೇಡ, ಖಾಲಿ ಹಾಳೆಗೆ ಬೇಡ. "ಅರ್ಜೆಂಟ್ ಇದೆ, ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ತಾಲೂಕು ಸಂಪನ್ಮೂಲ ಕೇಂದ್ರ) ಇವತ್ತೇ ಕೊಡಬೇಕು" ಅಂತ ಮನೆ ಬಾಗಿಲಿಗೆ ತರ್ತಾರೆ. ಕೂರಿಸಿ ಕಾಫಿ ಕೊಡು, ಓದಿ ನೋಡು, ಅರ್ಥ ಆಗದಿದ್ರೆ "ನಾಳೆ ಶಾಲೇಲಿ ಎಲ್ಲರ ಮುಂದೆ ಹಾಕ್ತೀನಿ" ಅನ್ನು. ಮೊದಮೊದಲು ಸೊಕ್ಕು ಅಂತಾರೆ, ಆಮೇಲೆ ಅಭ್ಯಾಸ ಆಗುತ್ತೆ. ನಿನ್ನ ಮೇಲೆ ಬರುತ್ತಾ ಅಂತ ಕೇಳಿದೀಯಲ್ಲ, ನಡಾವಳಿನೂ ಬಿಲ್ಲೂ ಹೊಂದಿಕೆ ಆಗಿದ್ರೆ ನಿನ್ನ ಕಡೆ ಬೆರಳು ತೋರಿಸೋಕೆ ಯಾರಿಗೂ ಆಗಲ್ಲ.

ಇನ್ನು ಬಿಸಿಯೂಟ. ನಾನು ತುಂಬಾ ಹಚ್ಚಿಕೊಂಡಿದ್ದು ಇದನ್ನೇ. ಒಂದರಿಂದ ಐದರ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75. ನಿಮ್ಮ ಶಾಲೆ ಲೆಕ್ಕ ಹಾಕಿದೀನಿ, ಎಲ್ಲರೂ ಬಂದ ದಿನ ಅಕ್ಕಿ 7 ಕೆಜಿ 600 ಗ್ರಾಂ, ಬೇಳೆ ಒಂದೂವರೆ ಕೆಜಿಗೆ ಸ್ವಲ್ಪ ಮೇಲೆ, ತರಕಾರಿ 3 ಕೆಜಿ 800 ಗ್ರಾಂ. ಇದನ್ನ ಒಂದು ಚೀಟೀಲಿ ಬರೆದು ಪರ್ಸಲ್ಲಿ ಇಟ್ಕೋ. ಯಾವತ್ತಾದ್ರೂ ಹನ್ನೊಂದು ಗಂಟೆಗೆ ಹೇಳದೇ ಹೋಗಿ ಅಡುಗೆಮನೇಲಿ ನಿಂತ್ಕೋ. ತರಕಾರಿ ಬುಟ್ಟಿ ನೋಡಿದ್ರೆ ಸಾಕು, ಎರಡು ಟೊಮ್ಯಾಟೊ ಒಂದು ಈರುಳ್ಳಿನಾ, ನಿಜವಾಗಿ ಮೂರು ಮುಕ್ಕಾಲು ಕೆಜಿನಾ ಅಂತ ಗೊತ್ತಾಗುತ್ತೆ. ಮಕ್ಕಳಿಗೆ ಬಡಿಸೋ ಮುಂಚೆ ದೊಡ್ಡವರು ರುಚಿ ನೋಡಬೇಕು ಅಂತ ನಿಯಮ ಇದೆ. ಅದಕ್ಕೆ ತಾಯಂದಿರ ಪಾಳಿ ಹಾಕಿ, ದಿನಾ ಒಬ್ಬರು.

ಒಂದು ಮಾತು ಮರೀಬೇಡ. ಅಡುಗೆ ಮಾಡೋ ಹೆಂಗಸರ ಮೇಲೆ ರೇಗಬೇಡ. ಅವರಿಗೆ ಸಿಗೋ ಸಂಭಾವನೆ ಎಷ್ಟು ಕಡಿಮೆ ಅಂತ ನಿಂಗೂ ಗೊತ್ತು, ಅದೂ ತಿಂಗಳು ತಿಂಗಳು ಸರಿಯಾಗಿ ಬರಲ್ಲ. ಸಾಮಾನು ಕಡಿಮೆ ಬಂದಿದ್ರೆ ಅದನ್ನ ತಂದವರನ್ನ ಕೇಳು, ಒಲೆ ಮುಂದೆ ಬೇಯೋರನ್ನಲ್ಲ. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ತಡವಾದಾಗ ಸೌದೆ ಹೊಗೇಲಿ ಅಡುಗೆ ಮಾಡಿದವರು ಅವರೇ. ಅವರಿಗಾಗಿ ಸಮಿತಿ ಒಂದು ಪತ್ರ ಬರೆದ್ರೆ ಅದಕ್ಕೆ ಬೆಲೆ ಇದೆ.

ಕಾಂಪೌಂಡ್, ಆಟದ ಮೈದಾನ ಇಂಥ ದೊಡ್ಡ ಕೆಲಸಕ್ಕೆ ಶಾಲೆ ದುಡ್ಡು ಸಾಲಲ್ಲ. ನಾವು ಕಾಂಪೌಂಡ್ ಕಟ್ಟಿಸಿದ್ದು ಆಗ ನರೇಗಾದಲ್ಲಿ. ಅದಕ್ಕೆ ಗ್ರಾಮಸಭೇಲಿ ಎದ್ದು ಕೇಳಿ ಪಂಚಾಯ್ತಿ ಕ್ರಿಯಾಯೋಜನೇಲಿ ಸೇರಿಸಬೇಕಿತ್ತು. ನಾವು ಹತ್ತು ಹನ್ನೆರಡು ತಾಯಂದಿರು ಒಟ್ಟಿಗೇ ಹೋಗಿ ಮುಂದಿನ ಸಾಲಲ್ಲಿ ಕೂತ್ವಿ. ಒಬ್ಬಳೇ ಹೋದ್ರೆ "ನೋಡೋಣಮ್ಮ" ಅಂತಾರೆ, ಗುಂಪು ಹೋದ್ರೆ ಬರ್ಕೋತಾರೆ.

ಉತ್ತರ: ನಿವೃತ್ತ ಮಾಸ್ತರ, ಹಾವೇರಿ ಕಡೆ

ಅಕ್ಕಾರ ಬರದದ್ದು ಖರೇ ಐತಿ. ನಾ ಮಾಸ್ತರ ಕಡಿಂದ ಒಂದೆರಡು ಮಾತು ಹೇಳ್ತೇನಿ.

ಹೆಡ್ ಮಾಸ್ತರಗ ಸಮಿತಿ ವೈರಿ ಅಲ್ರಿ. ನನ್ನ ನೌಕರಿ ಕಾಲದಾಗ ಎರಡೂ ನಮೂನಿ ಕಂಡೇನಿ. ಮೊದಲ ಊರ ಹಿರೇರ ಕೂಡಿ ಮಾಡೋ ಕಮಿಟಿ ಇರ್ತಿತ್ತು, ಅದರಾಗ ತಮ್ಮ ಮಕ್ಕಳು ಆ ಶಾಲಿಗೆ ಬರದವರ ಭಾಳ. ವಿಜ್ಞಾನಿ ರಾಜಾ ರಾಮಣ್ಣ ಅವರ ಕಾರ್ಯಪಡೆ ಶಿಫಾರಸಿನ ಮ್ಯಾಲ 2001ರಾಗ ಸರ್ಕಾರ ಎಸ್‌ಡಿಎಂಸಿ ಮಾಡಿ ಪಾಲಕರ ಕೈಗೆ ಕೊಟ್ಟಿತು. ಅವತ್ತಿಂದ ನಮಗ ಸಂಜೀಕ ಮನಿಗೆ ಬಂದು "ಯಾಕ್ ಸರ, ನನ್ನ ಮಗಳಿಗೆ ಇನ್ನೂ ಭಾಗಾಕಾರ ಬರವಲ್ದು" ಅಂತ ಕೇಳೋ ತಾಯಿ ಸಿಕ್ಕಳು. ಆ ಪ್ರಶ್ನೆ ನನಗ ಬೇಕಾಗಿತ್ತು.

ಅಧ್ಯಕ್ಷರು ಆದ ಮ್ಯಾಲ ಮಾಸ್ತರ ಹಾಜರಿ ಕೇಳ್ರಿ, ತಪ್ಪಿಲ್ಲ. ಆದ್ರ ಅವರ ರಜಾ ಮಂಜೂರಿ, ವರ್ಗಾವಣಿ ನಿಮ್ಮ ಕೈಯಾಗ ಇಲ್ಲ, ಅದು ಇಲಾಖೆ ಕೆಲಸ. ಗೈರು ಆಗೋದು ಖಾಯಂ ಆದ್ರ ಠರಾವು ಮಾಡಿ ಬಿಇಒ ಸಾಹೇಬ್ರಿಗೆ ಕಳಸ್ರಿ. ಮತ್ತ ಅಕ್ಕಾರ ಹೇಳಿದ ಶಿಕ್ಷಣ ಹಕ್ಕು ಕಾಯ್ದೆದಾಗ 27ನೇ ಕಲಂ ಐತಿ. ಜನಗಣತಿ, ಚುನಾವಣಿ, ವಿಪತ್ತು ಪರಿಹಾರ ಬಿಟ್ಟು ಬ್ಯಾರೆ ಕೆಲಸಕ್ಕ ಮಾಸ್ತರಗೋಳನ್ನ ಹಚ್ಚೂಹಂಗಿಲ್ಲ. ಇಬ್ಬರ ಮಾಸ್ತರ ಇರೋ ಶಾಲಿ ಒಳಗ ಒಬ್ಬಾವ ಕಂಪ್ಯೂಟರ್ ಮುಂದ ಅಂಕಿಸಂಖ್ಯೆ ತುಂಬಕೋತ ಕುಂತ್ರ, ಉಳದ ಒಬ್ಬಾವ ಏಳು ಕ್ಲಾಸ್ ಹ್ಯಾಂಗ ನೋಡ್ಯಾನು? ಇದನ್ನ ನಾವು ಹೇಳಿದ್ರ ಮಾಸ್ತರ ಕೆಲಸಗಳ್ಳ ಅಂತಾರ. ಪಾಲಕರು ಹೇಳಿದ್ರ ಕೇಳ್ತಾರ. ಅತಿಥಿ ಶಿಕ್ಷಕರು ಜೂನ್ ತಿಂಗಳಾಗ ಬರಲಿ ಅಂತ ಒತ್ತಾಯ ಮಾಡೂದೂ ನಿಮ್ಮ ಸಮಿತಿಯಿಂದ ಆಗೋ ದೊಡ್ಡ ಕೆಲಸ. ತಡಾ ಆದ್ರ ಆ ಮಕ್ಕಳ ಪಾಠ ತಿರುಗಿ ಬರೂದಿಲ್ಲ.

ಉತ್ತರ: ಆನೇಕಲ್ ಅಪ್ಪ

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನೂ ಎಸ್‌ಡಿಎಂಸಿ ಸದಸ್ಯ. ಒಬ್ಬರೇ ನಿಯತ್ತಾಗಿ ಇದ್ರೆ ಸಾಲಲ್ಲ ಅಂತ ನನ್ನ ಅನುಭವ. ನಮ್ಮೂರಲ್ಲಿ ಪಂಚಾಯ್ತಿ ಎಲೆಕ್ಷನ್‌ನ ಎರಡು ಪಾರ್ಟಿ ಜಗಳ ಸಮಿತಿ ಒಳಗೂ ಬಂತು. ಒಂದು ಗುಂಪು ಕರೆದ ಸಭೆಗೆ ಇನ್ನೊಂದು ಗುಂಪು ಬರಲ್ಲ. ಕೋರಂ ಆಗದೆ ತಿಂಗಳುಗಟ್ಟಲೆ ಕಿಟಕಿ ಬಾಗಿಲು ಹಾಗೇ ಮುರಿದುಕೊಂಡಿತ್ತು. ಹಾಗಾಗಿ ಹೌದು ಅನ್ನೋ ಮುಂಚೆ ಆಯ್ಕೆಯಾದ ಉಳಿದ ತಾಯಂದಿರ ಮನೆಗೆ ಹೋಗಿ ಮಾತಾಡಿ. ನಾಲ್ಕೈದು ಜನ ಜೊತೆಗಿರ್ತೀವಿ ಅಂದ್ರೆ ಮಾತ್ರ ಒಪ್ಪಿ. ಕಾಲೋನಿ ಮಕ್ಕಳ ತಾಯಂದಿರನ್ನ ಮೊದಲು ಕೇಳಿ. ಬಹಳ ಊರಲ್ಲಿ ಅವರ ಹೆಸರು ಪಟ್ಟೀಲಿ ಇರುತ್ತೆ, ಸಭೆ ಸುದ್ದಿ ಮಾತ್ರ ಅವರ ಮನೆ ತಲುಪಲ್ಲ.

ಇನ್ನೊಂದು, ವಂತಿಗೆ ವಿಷಯ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ಸ್ವಯಂಪ್ರೇರಿತ ದೇಣಿಗೆ ಪಡೀಬಹುದು ಅಂತ ಸುತ್ತೋಲೆ ಬಂದು, ವಿರೋಧ ಜೋರಾಗಿ, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. ಅದು ಒಳ್ಳೇದೇ ಆಯ್ತು. ಕೂಲಿ ಮಾಡೋ ಮನೇಲಿ ಇಬ್ಬರು ಮಕ್ಕಳಿದ್ರೆ ತಿಂಗಳಿಗೆ 200 ರೂಪಾಯಿ ಸಣ್ಣ ಮೊತ್ತ ಅಲ್ಲ, ಕೊಡದ ಮಗು ಕ್ಲಾಸಲ್ಲಿ ತಲೆ ತಗ್ಗಿಸಬೇಕಾಗುತ್ತೆ. ನಿಮ್ಮ ಸಮಿತೀಲಿ ಯಾರಾದ್ರೂ "ಎಲ್ಲರೂ ಇಷ್ಟಿಷ್ಟು ಹಾಕೋಣ" ಅಂದ್ರೆ ಅಧ್ಯಕ್ಷೆಯಾಗಿ ಅಲ್ಲೇ ಬೇಡ ಅನ್ನಿ. ಇರೋರು ಕೊಡಲಿ, ರಶೀದಿ ಹಾಕಿ ತಗೊಳ್ಳಿ.

ಕೇಳಿದವರು: ಕೊಬ್ಬರಿ ಸೀಮೆಯ ಅಮ್ಮ

ಮೂವರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಚೀಟಿ ಲೆಕ್ಕ ಬರ್ಕೊಂಡೆ. ಇವತ್ತು ಸಂಜೆ ಮೂವರು ತಾಯಂದಿರ ಹತ್ರ ಮಾತಾಡಿದೆ. ಒಬ್ಬರು ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಸಭೆ ಭಾನುವಾರ ಇಟ್ರೆ ಬರ್ತೀನಿ ಅಂದ್ರು. ಇನ್ನಿಬ್ಬರು ಒಪ್ಪಿದಾರೆ. ನಾಳೆ ಕಾಲೋನಿ ಕಡೆ ಹೋಗ್ತೀನಿ. ಒಂದು ಸಂದೇಹ, ಅಧ್ಯಕ್ಷೆ ಆದ ಮೇಲೆ ಹಿಂದಿನ ಸಮಿತಿ ಲೆಕ್ಕ ಕೇಳಬಹುದಾ? ಕೇಳಿದ್ರೆ ಹಳಬರಿಗೆ ಸಿಟ್ಟು ಬರುತ್ತೇನೋ.

ಉತ್ತರ: ಹೊಲಿಗೆ ಮನೆ

ಕೇಳಲೇಬೇಕು. ತಪ್ಪು ಹುಡುಕೋ ಥರ ಕೇಳಬೇಡ, ಚಾರ್ಜ್ ತಗೊಳ್ಳೋ ಥರ ಕೇಳು. ಮೊದಲ ಸಭೇಲೇ ಪಾಸ್‌ಬುಕ್ ಎಂಟ್ರಿ ಮಾಡಿಸಿ ತರೋಕೆ ಹೆಡ್ ಮೇಷ್ಟ್ರಿಗೆ ಹೇಳು. ನಗದು ಪುಸ್ತಕ, ಓಚರು, ನಡಾವಳಿ, ಅಕ್ಕಿ ಬೇಳೆ ದಾಸ್ತಾನು ಪುಸ್ತಕ ನಾಲ್ಕೂ ಮೇಜಿನ ಮೇಲೆ ಇರಲಿ. ಇವತ್ತಿಗೆ ಖಾತೇಲಿ ಇಷ್ಟು ಹಣ, ಉಗ್ರಾಣದಲ್ಲಿ ಇಷ್ಟು ಸಾಮಾನು ಅಂತ ನಡಾವಳೀಲಿ ಬರೆಸಿ, ಹೊಸಬರು ಹಳಬರು ಎಲ್ಲರ ಸಹಿ ಹಾಕಿಸು. ಹಳೇ ಅಧ್ಯಕ್ಷರನ್ನೂ ಆ ಸಭೆಗೆ ನೀನೇ ಫೋನ್ ಮಾಡಿ ಕರಿ. ಗೌರವಕ್ಕೂ ಆಯ್ತು, ಲೆಕ್ಕಕ್ಕೂ ಆಯ್ತು. ಬ್ಯಾಂಕಲ್ಲಿ ಸಹಿ ಬದಲಾಯಿಸೋಕೆ ಆಯ್ಕೆ ಆದ ಸಭೆಯ ನಡಾವಳಿ ನಕಲು ಕೇಳ್ತಾರೆ, ಎರಡು ಜೆರಾಕ್ಸ್ ಜಾಸ್ತಿ ಮಾಡಿಸಿಟ್ಕೋ. ಸಭೆ ಭಾನುವಾರನೇ ಇಡು. ಗಾರ್ಮೆಂಟ್ಸ್ ಹುಡುಗಿ ಬರಲಿ.